ಯಾರ ನಿಮಿಷಕ್ಕೆ ಎಷ್ಟು ಬೆಲೆ?

ನಮಸ್ಕಾರ. ಇವತ್ತಿನ ಮಾತು ಒಂದು ಮೆಟ್ಟಿಲ ಸಾಲಿನಿಂದ ಶುರುವಾಗಲಿ.

ಎಂಟು ಲೇನಿನ ರಸ್ತೆ. ಈ ಬದಿ ಒಬ್ಬ ಹೆಂಗಸು, ಸೊಂಟದ ಮೇಲೆ ಮಗು, ಕೈಯಲ್ಲಿ ಚೀಲ. ಅವಳ ಬಸ್ಸು ಬರೋದು ಆ ಬದಿಗೆ. ಕಣ್ಣಳತೆಯಲ್ಲಿ ಮೂವತ್ತು ಮೀಟರ್. ಆದರೆ ದಾಟೋಕೆ ಸಿಗ್ನಲ್ ಇಲ್ಲ, ಸ್ಕೈವಾಕ್ ಇದೆ. ನಲವತ್ತು ಮೆಟ್ಟಿಲು ಹತ್ತಬೇಕು, ನಲವತ್ತು ಇಳೀಬೇಕು. ಲಿಫ್ಟ್ ಇದೆ, ಕೆಟ್ಟಿದೆ. ಅವಳು ಅರ್ಧ ಹತ್ತೋಷ್ಟರಲ್ಲಿ ಬಸ್ಸು ಬಂತು, ಹೋಯ್ತು. ಕೆಳಗೆ ಕಾರುಗಳು ಮಾತ್ರ ಒಂದು ಕ್ಷಣವೂ ನಿಲ್ಲಲಿಲ್ಲ. ಸ್ಕೈವಾಕ್ ಕಟ್ಟಿದ್ದೇ ಅದಕ್ಕೆ. ಪಾದಚಾರಿಗಳ ಸುರಕ್ಷತೆಗಾಗಿ ಅಂತ ಬೋರ್ಡು ಹಾಕಿರ್ತಾರೆ, ಇರಲಿ.

ಅಸಮಾನತೆ ಅಂದ ಕೂಡಲೇ ನಮಗೆ ಸಂಬಳ, ಆಸ್ತಿ ನೆನಪಾಗುತ್ತೆ. ನನ್ನ ಕೇಳಿದರೆ ನಗರದಲ್ಲಿ ಅದನ್ನ ಗಡಿಯಾರ ಇಟ್ಟು ಅಳೀಬೇಕು. ಯಾರು ಎಷ್ಟು ಹೊತ್ತು ಕಾಯ್ತಾರೆ, ಯಾರಿಗೋಸ್ಕರ ಕಾಯ್ತಾರೆ? ಇದನ್ನ ವಿಧಿ ತೀರ್ಮಾನ ಮಾಡಿಲ್ಲ. ಯಾರೋ ಕೂತು ಲೆಕ್ಕ ಹಾಕಿದಾರೆ.

ಲೆಕ್ಕ ಅಂದರೆ ನಿಜವಾಗಲೂ ಲೆಕ್ಕವೇ. ಒಂದು ಮೇಲ್ಸೇತುವೆಗೆ ದುಡ್ಡು ಹಾಕಬಹುದಾ ಅಂತ ನೋಡುವಾಗ ಖರ್ಚು ಒಂದು ಕಡೆ, ಲಾಭ ಒಂದು ಕಡೆ ಬರೀತಾರೆ. ಲಾಭದ ಕಡೆ ಸಾಮಾನ್ಯವಾಗಿ ದೊಡ್ಡ ಮೊತ್ತ ಯಾವುದು ಗೊತ್ತಾ? ಪ್ರಯಾಣಿಕರಿಗೆ ಉಳಿಯೋ ಸಮಯ. ಸಮಯವನ್ನ ದುಡ್ಡಾಗಿ ಮಾಡೋದು ಹೇಗೆ? ಬಹುಪಾಲು ಆದಾಯ ನೋಡಿ. ಹೆಚ್ಚು ದುಡಿಯೋರ ನಿಮಿಷ ದುಬಾರಿ, ಕಡಿಮೆ ದುಡಿಯೋರದ್ದು ಅಗ್ಗ. ಇದನ್ನ ಹಾಗೇ ಬಿಟ್ಟರೆ ಉಳ್ಳವರು ಓಡಾಡೋ ರಸ್ತೆ ಕಾಗದದ ಮೇಲೆ ತಾನಾಗೇ ಲಾಭದ ಯೋಜನೆ ಆಗಿಬಿಡುತ್ತೆ. ಈ ಎಡವಟ್ಟು ಗೊತ್ತಿದ್ದೇ ಬ್ರಿಟನ್‌ನಲ್ಲಿ ಮನೆಯಿಂದ ಕೆಲಸಕ್ಕೆ ಹೋಗಿಬರೋ ಪ್ರಯಾಣಕ್ಕೆ ಎಲ್ಲರಿಗೂ ಒಂದೇ ಸರಾಸರಿ ಬೆಲೆ ಹಿಡೀತಾರೆ. ಅಂದರೆ ಲೆಕ್ಕ ಬದಲಾಯಿಸೋಕೆ ಆಗುತ್ತೆ, ಬೇಕಾದರೆ.

ಇನ್ನೊಂದು ಅಳತೆ ಇದೆ, ಪಿಸಿಯು. ಪ್ಯಾಸೆಂಜರ್ ಕಾರ್ ಯೂನಿಟ್. ರಸ್ತೆಯಲ್ಲಿ ಎಷ್ಟು ವಾಹನ ಹಿಡಿಸುತ್ತೆ ಅನ್ನೋದಕ್ಕೆ ಇದೇ ಮಾನ. ಕಾರು ಒಂದು, ಬಸ್ಸು ಎರಡೋ ಮೂರೋ. ಬಸ್ಸೊಳಗೆ ಅರವತ್ತು ಜನ ಜೋತಾಡ್ತಿರಲಿ, ಕಾರೊಳಗೆ ಒಬ್ಬನೇ ಎಸಿ ಹಾಕ್ಕೊಂಡು ಕೂತಿರಲಿ, ಅಂಕಿ ಬದಲಾಗಲ್ಲ. ಈ ಅಳತೆಗೋಲಿನ ಕಣ್ಣಿಗೆ ಬಸ್ಸು ಅಂದರೆ ಜಾಗ ತಿನ್ನೋ ದಡೂತಿ ಗಾಡಿ, ಅಷ್ಟೆ. ಬಸ್ಸಿಗೆ ಪ್ರತ್ಯೇಕ ಲೇನ್ ಕೊಡಿ ಅಂದಾಗ 'ಟ್ರಾಫಿಕ್ ಏನಾಗಬೇಕು' ಅಂತ ಕೇಳ್ತಾರಲ್ಲ, ಆ ಪ್ರಶ್ನೆ ಹುಟ್ಟೋದು ಇಲ್ಲಿಂದ. ಬಸ್ಸಲ್ಲಿ ಕೂತೋರು ಟ್ರಾಫಿಕ್ ಅಲ್ವಂತೆ.

ಕೆಲವು ಕಡೆ ಲೆಕ್ಕದ ಮುಸುಕೂ ಇರಲಿಲ್ಲ. ದಕ್ಷಿಣ ಆಫ್ರಿಕಾದಲ್ಲಿ 1950ರ ಗ್ರೂಪ್ ಏರಿಯಾಸ್ ಕಾಯ್ದೆ, ಯಾವ ಬಣ್ಣದವರು ಎಲ್ಲಿ ಮನೆ ಮಾಡಬೇಕು ಅನ್ನೋದನ್ನೇ ಬರೆದಿಟ್ಟಿತು. ಕಪ್ಪು ಜನ ನಗರದ ಅಂಚಿಗೆ, ದುಡಿಮೆ ಮಾತ್ರ ನಗರದ ನಡುವೆ. ನಡುವಿನ ದಾರಿಯ ಖರ್ಚು ಅವರದ್ದೇ. 1957ರ ಜನವರಿಯಲ್ಲಿ ಜೋಹಾನ್ಸ್‌ಬರ್ಗಿನ ಅಲೆಕ್ಸಾಂಡ್ರಾ ಅನ್ನೋ ಕಪ್ಪು ಜನರ ಬಡಾವಣೆಯಲ್ಲಿ ಬಸ್ ಚಾರ್ಜು ನಾಲ್ಕು ಪೆನ್ನಿಯಿಂದ ಐದಕ್ಕೆ ಏರಿತು. ಒಂದೇ ಒಂದು ಪೆನ್ನಿ. ಸಾವಿರಾರು ಜನ ಬಸ್ಸು ಹತ್ತೋದನ್ನೇ ಬಿಟ್ಟರು. 'ಅಜಿಕ್ವೆಲ್ವಾ', ನಾವು ಹತ್ತಲ್ಲ ಅಂತ. ಹೋಗೋಕೆ ಸುಮಾರು ಹದಿನೈದು ಕಿಲೋಮೀಟರ್, ಬರೋಕೂ ಅಷ್ಟೇ. ಬೆಳಗಿನ ಕತ್ತಲಲ್ಲಿ ಎದ್ದು, ದಿನವಿಡೀ ದುಡಿದು, ಮತ್ತೆ ಕತ್ತಲಲ್ಲಿ ಮನೆಗೆ. ತಿಂಗಳುಗಟ್ಟಲೆ ನಡೆದರು. ಒಂದು ಪೆನ್ನಿಗೆ ಇಷ್ಟು ಹಟವಾ ಅನ್ನಿಸಿದರೆ, ತಿಂಗಳ ಕೊನೇ ವಾರ ಬಸ್ ಚಾರ್ಜಿಗೆ ಚಿಲ್ಲರೆ ಎಣಿಸಿದೋರನ್ನ ಕೇಳಿ.

ನ್ಯೂಯಾರ್ಕಿನಲ್ಲಿ ಕಾನೂನಿನ ಬದಲು ರಸ್ತೆಯೇ ಗೆರೆ ಎಳೀತು. ಆ ನಗರದ ಪ್ರಭಾವಿ ಅಧಿಕಾರಿ ರಾಬರ್ಟ್ ಮೋಸೆಸ್ ಯೋಜನೆಯ, ಬ್ರಾಂಕ್ಸ್ ಅನ್ನೋ ಭಾಗವನ್ನ ಸೀಳಿ ಹೋಗೋ ಕ್ರಾಸ್ ಬ್ರಾಂಕ್ಸ್ ಎಕ್ಸ್‌ಪ್ರೆಸ್‌ವೇ 1948ರಲ್ಲಿ ಶುರುವಾಗಿ 1972ಕ್ಕೆ ಮುಗಿಯೋ ಹೊತ್ತಿಗೆ ಸಾವಿರಾರು ಕುಟುಂಬಗಳು ಎದ್ದುಹೋಗಿದ್ದವು. ಕಾರು ಓಡಿಸೋರು ದಾಟಿ ಹೋದರು, ಹೊಗೆ ಅಲ್ಲೇ ಉಳಿದವರ ಪಾಲಾಯ್ತು.

ಹಾಗಾದರೆ ಬೇರೆ ಥರ ಮಾಡಿದೋರು ಯಾರೂ ಇಲ್ವಾ? ಇದಾರೆ. ಕೊಲಂಬಿಯಾದ ಮೆಡೆಲಿನ್, 2004. ಬೆಟ್ಟದ ಮೇಲಿನ ಬಡ ಬಡಾವಣೆಗಳಿಗೆ ಕೇಬಲ್ ಕಾರ್ ಹಾಕಿ ಕೆಳಗಿನ ಮೆಟ್ರೊಗೆ ಜೋಡಿಸಿದರು. ಕೇಬಲ್ ಕಾರ್ ಅಂದರೆ ನಮಗೆ ಪ್ರವಾಸಿಗಳ ಆಟ. ಅಲ್ಲಿ ಅದು ಸಿಟಿ ಬಸ್ಸಿನಂಥ ದಿನನಿತ್ಯದ ವಾಹನ. ಪವಾಡ ಏನಲ್ಲ. ಒಂದೊಂದು ತೊಟ್ಟಿಲಲ್ಲಿ ಹಿಡಿಸೋದೇ ಕೆಲವು ಜನ. ಬೆಟ್ಟದ ಮೇಲೆ ಹೆಸರು ಮಾಡಿದ ದೊಡ್ಡ ಗ್ರಂಥಾಲಯವನ್ನೂ ಕಟ್ಟಿದರು, ಕಟ್ಟಡದಲ್ಲಿ ದೋಷ ಕಂಡು ಕೆಲವೇ ವರ್ಷಕ್ಕೆ ಬಾಗಿಲು ಹಾಕಬೇಕಾಯ್ತು. ಆದರೂ 'ಮೊದಲು ಯಾರಿಗೆ?' ಅನ್ನೋ ಪ್ರಶ್ನೆಗೆ ಆ ಊರು ಕೊಟ್ಟ ಉತ್ತರ ನನಗೆ ಇಷ್ಟ.

ಟಿಕೆಟ್ಟಿನ ವಿಷಯ ಹೇಳಲೇಬೇಕು. ಪ್ಲಾನು ಮಾಡೋರ ತಲೇಲಿ ಪ್ರಯಾಣಿಕ ಅಂದರೆ ಬೆಳಗ್ಗೆ ಮನೆಯಿಂದ ಆಫೀಸು, ಸಂಜೆ ಆಫೀಸಿಂದ ಮನೆ. ಆ ಸ್ಕೈವಾಕಿನ ಹೆಂಗಸನ್ನ ನೆನಪಿಸಿಕೊಳ್ಳಿ. ಮಗುವನ್ನ ಅಜ್ಜಿ ಮನೇಲಿ ಬಿಡಬೇಕು, ಅಲ್ಲಿಂದ ಕೆಲಸ, ಬರ್ತಾ ಔಷಧಿ ಅಂಗಡಿ, ಆಮೇಲೆ ಮಗು, ಆಮೇಲೆ ಮನೆ. ಸ್ಪೇನಿನ ನಗರ ಯೋಜಕಿ ಇನೆಸ್ ಸ್ಯಾಂಚೆಜ್ ದೆ ಮದರಿಯಾಗಾ ಇಂಥ ಓಡಾಟಕ್ಕೆ 'ಆರೈಕೆಯ ಸಂಚಾರ' ಅನ್ನೋ ಅರ್ಥದ ಹೆಸರು ಕೊಟ್ಟರು. ಹತ್ತಿದಾಗೆಲ್ಲ ಹೊಸ ಟಿಕೆಟ್ ತಗೊಳ್ಳೋ ಪದ್ಧತಿ ಇದ್ದರೆ, ದೂರ ಕಡಿಮೆ ಹೋದರೂ ಅವಳೇ ಹೆಚ್ಚು ಕೊಡ್ತಾಳೆ. ಉಚಿತ ಮಾಡಿಬಿಡಿ ಅಂತೀರಾ? ಲಕ್ಸೆಂಬರ್ಗ್ 2020ರಲ್ಲಿ ಇಡೀ ದೇಶಕ್ಕೇ ಮಾಡಿತು. ನನ್ನ ತಕರಾರಿಲ್ಲ. ಆದರೆ ಗಂಟೆಗೊಂದು ಬಸ್ಸು ಬರೋ ಕಡೆ ಟಿಕೆಟ್ ಉಚಿತ ಆದರೆ ಉಳಿಯೋದು ಚಿಲ್ಲರೆ, ಗಂಟೆ ಉಳಿಯಲ್ಲ. ಎರಡರಲ್ಲಿ ಒಂದೇ ಅಂದರೆ ನಾನು ಬಸ್ಸಿನ ಸಂಖ್ಯೆ ಕೇಳ್ತೀನಿ.

ಮತ್ತೊಂದು ಕಹಿ ಸಂಗತಿ: ಒಳ್ಳೇ ಸಾರಿಗೆಯೇ ಬಡವರನ್ನ ಓಡಿಸಬಹುದು. ನಿಲ್ದಾಣ ಬರುತ್ತೆ ಅನ್ನೋ ಸುದ್ದಿಗೇ ಜಾಗದ ಬೆಲೆ ಏರುತ್ತೆ, ಮನೆ ಮಾಲೀಕ ಬಾಡಿಗೆ ಏರಿಸ್ತಾನೆ, ರೈಲು ಬರೋ ಹೊತ್ತಿಗೆ ಅದು ಬೇಕಾಗಿದ್ದೋರು ಇನ್ನೂ ಆಚೆ ಹೋಗಿರ್ತಾರೆ. ವಿಯೆನ್ನಾ ಇದನ್ನ ಮನೆ ಕಟ್ಟಿ ಎದುರಿಸಿತು. 1930ರಲ್ಲಿ ಉದ್ಘಾಟನೆಯಾದ ಕಾರ್ಲ್ ಮಾರ್ಕ್ಸ್ ಹೋಫ್, ಕಿಲೋಮೀಟರಿಗೂ ಉದ್ದದ ಕಾರ್ಮಿಕರ ವಸತಿ, ಇರೋದು ಹೈಲಿಗನ್‌ಷ್ಟಾಟ್ ರೈಲು ನಿಲ್ದಾಣದ ಎದುರಿಗೇ. ಈಗಲೂ ಅದು ನಗರಸಭೆಯ ಬಾಡಿಗೆ ಮನೆಗಳೇ.

ಪಾರ್ಕಿಂಗ್ ಶುಲ್ಕ ಏರಿಸಿ ಅಂದಾಗ 'ಬಡವರಿಗೆ ಹೊರೆ' ಅಂತ ಒಂದು ದನಿ ಏಳುತ್ತೆ. ಕಾರಿಟ್ಟ ಬಡವರು ಇಲ್ಲ ಅಂತಲ್ಲ, ಬಸ್ಸು ಬರದ ಕಡೆ ಸಾಲ ಮಾಡಿ ಕೊಂಡೋರಿದ್ದಾರೆ. ಆದರೆ ಬಸ್ ಮಾರ್ಗ ನಿಲ್ಲಿಸುವಾಗ ಆ ದನಿ ಎಲ್ಲಿರುತ್ತೋ.

ಮತ್ತೆ ಅಲೆಕ್ಸಾಂಡ್ರಾಗೆ ಬರ್ತೀನಿ. ಕಾಯ್ದೆ 1991ರಲ್ಲೇ ರದ್ದಾಯ್ತು. ಪಕ್ಕದಲ್ಲೇ ಸ್ಯಾಂಡ್‌ಟನ್ ಅನ್ನೋ ಗಾಜಿನ ಗೋಪುರಗಳ ಪಟ್ಟಣ ಬೆಳೀತು. 2010ರಲ್ಲಿ ಗೌಟ್ರೇನ್ ಅನ್ನೋ ವೇಗದ ರೈಲು ಬಂತು, ವಿಮಾನ ನಿಲ್ದಾಣದಿಂದ ಸ್ಯಾಂಡ್‌ಟನ್‌ಗೆ ಕಾಲು ಗಂಟೆ. ಅಲೆಕ್ಸಾಂಡ್ರಾ ಹತ್ತಿರವೂ ನಿಲ್ಲುತ್ತೆ, ಆದರೆ ಟಿಕೆಟ್ ದುಬಾರಿ. ಹಾಗಾಗಿ ಸ್ಯಾಂಡ್‌ಟನ್ನಿನ ಕಚೇರಿಗಳನ್ನ ಗುಡಿಸೋರು, ಕಾಯೋರು ಬೆಳಗ್ಗೆ ನಡೆದೇ ಹೋಗ್ತಾರೆ. ಅವರಿಗೆ ಅಂತ ಒಂದು ಸೇತುವೆ ಕಟ್ಟಿದಾರೆ, ಎಂ1 ಹೆದ್ದಾರಿ ಮೇಲೆ. ಕೆಳಗೆ ಕಾರುಗಳು ನಿಲ್ಲದೆ ಓಡ್ತಿರ್ತವೆ.