ಕಣ್ಣು ಜಿಗಿದಾಗ ಉಳಿಯುವುದೇನು?

ಕೇಳುಗರಿಗೆ ನಮಸ್ಕಾರ. ಮನೆಯಲ್ಲಿದ್ದರೆ ಒಮ್ಮೆ ಕನ್ನಡಿಯ ಮುಂದೆ ನಿಲ್ಲಿ. ನಿಮ್ಮ ಎಡಗಣ್ಣನ್ನು ನೋಡಿ, ಆಮೇಲೆ ಬಲಗಣ್ಣನ್ನು, ಮತ್ತೆ ಎಡಗಣ್ಣನ್ನು. ಕಣ್ಣುಗುಡ್ಡೆ ಹೊರಳಿದ್ದು ನಿಮಗೆ ಕಾಣುವುದೇ ಇಲ್ಲ! ಪಕ್ಕದಲ್ಲಿ ನಿಂತವರಿಗೆ ಮಾತ್ರ ಚೆನ್ನಾಗಿ ಕಾಣುತ್ತದೆ. ಮೊಬೈಲಿನ ಸೆಲ್ಫಿ ಕ್ಯಾಮೆರಾದಲ್ಲಿ ಈ ಆಟ ನಡೆಯದು. ಅದರಲ್ಲಿ ಚಿತ್ರ ತುಸು ತಡವಾಗಿ ಮೂಡುವುದರಿಂದ ಗುಟ್ಟು ರಟ್ಟಾಗುತ್ತದೆ.

ನಮ್ಮ ಕಣ್ಣು ಸೆಕೆಂಡಿಗೆ ಸುಮಾರು 3 ಬಾರಿ ಹೀಗೆ ಜಿಗಿಯುತ್ತದೆ. ಜಿಗಿಯದೆ ವಿಧಿಯಿಲ್ಲ. ಕೈ ಚಾಚಿ ಹಿಡಿದ ಹೆಬ್ಬೆರಳಿನ ಉಗುರು ಎಷ್ಟಗಲವೋ ಹೆಚ್ಚುಕಡಿಮೆ ಅಷ್ಟೇ ಜಾಗ ನಮಗೆ ನಿಚ್ಚಳವಾಗಿ ಕಾಣುವುದು, ಅದರಾಚೆಗೆಲ್ಲ ಮಸುಕು. ಜಿಗಿಯುವ ಆ ಗಳಿಗೆಯಲ್ಲಿ ಮಿದುಳು ನೋಟವನ್ನೇ ಅದುಮಿಬಿಡುತ್ತದೆ.

ಹಾಗಾದರೆ ಒಂದು ನೋಟದಿಂದ ಇನ್ನೊಂದಕ್ಕೆ ದಾಟಿ ಬರುವುದೇನು? ಬಹಳ ಕಡಿಮೆ. ಕಂಡದ್ದನ್ನು ಕೆಲವು ಕ್ಷಣ ಹಿಡಿದಿಡುವ ನೆನಪಿನಲ್ಲಿ 3–4 ವಸ್ತುಗಳಿಗಷ್ಟೇ ಜಾಗ ಎಂದು 1997ರಲ್ಲಿ ಲಕ್ ಮತ್ತು ವೋಗೆಲ್ ಎಂಬ ಸಂಶೋಧಕರು ಬಣ್ಣದ ಚೌಕಗಳನ್ನು ತೋರಿಸಿ ಕಂಡುಕೊಂಡರು.

ಇರುವ ಅಷ್ಟು ಜಾಗದಲ್ಲೂ ಪಕ್ಷಪಾತ. ಕಣ್ಣು ಎಲ್ಲಿಗೆ ಹೋಗಲಿದೆಯೋ ಅಲ್ಲಿಗೆ ಗಮನ ಮೊದಲೇ ಹೋಗಿ ಕೂತಿರುತ್ತದೆ, ಬಸ್ಸಿನ ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿದ ಹಾಗೆ. ಹಾಗಾಗಿ ಆ ವಸ್ತುವಿಗೆ ನೆನಪಿನಲ್ಲಿ ಸೀಟು ಗಟ್ಟಿ. ಪಕ್ಕದಲ್ಲಿದ್ದವು ಎಷ್ಟೋ ಸಲ ಕೆಳಗೇ ಉಳಿಯುತ್ತವೆ. ನೀವು ಬೇಕೆಂದು ನೆನಪಿಟ್ಟದ್ದಲ್ಲ, ಕಣ್ಣು ಹೊರಟ ಕಡೆಯದು ತಾನಾಗಿ ಉಳಿದದ್ದು.

ನನಗೆ ಬಹಳ ಹಿಡಿಸಿದ ಪ್ರಯೋಗ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ್ದು. 1995ರಲ್ಲಿ ಪ್ರಕಟವಾಯಿತು. ಬ್ಯಾಲಾರ್ಡ್, ಹೇಹೋ, ಪೆಲ್ಜ್ ಎಂಬುವರು ಜನರಿಗೆ ಪರದೆಯ ಮೇಲೆ ಬಣ್ಣದ ತುಂಡುಗಳ ಒಂದು ಮಾದರಿ ತೋರಿಸಿ, ಅದರಂತೆಯೇ ಜೋಡಿಸಲು ಹೇಳಿದರು. ಮೂರ್ನಾಲ್ಕು ತುಂಡುಗಳನ್ನು ಒಟ್ಟಿಗೆ ನೆನಪಿಟ್ಟುಕೊಳ್ಳಬಹುದಿತ್ತಲ್ಲ? ಯಾರೂ ಆ ತಾಪತ್ರಯಕ್ಕೆ ಹೋಗಲಿಲ್ಲ. ಒಂದೇ ತುಂಡಿಗೆ ಎಷ್ಟೋ ಬಾರಿ ಎರಡು ಸಲ ನೋಡಿದರು: ಬಣ್ಣ ಯಾವುದೆಂದು ಒಮ್ಮೆ, ಅದನ್ನೆಲ್ಲಿ ಇಡಬೇಕೆಂದು ಇನ್ನೊಮ್ಮೆ. ನೆನಪಿಡುವುದಕ್ಕಿಂತ ಮತ್ತೆ ನೋಡುವುದೇ ಅಗ್ಗ! ಮಾದರಿಯನ್ನು ದೂರ ಸರಿಸಿ, ನೋಡಲು ಕತ್ತು ತಿರುಗಿಸುವ ಹಾಗೆ ಮಾಡಿದಾಗ ನೆನಪಿಗೆ ಹೆಚ್ಚು ಕೆಲಸ ಬಿತ್ತು.

ಪಾಸ್‌ಬುಕ್ ಪಕ್ಕದಲ್ಲಿಟ್ಟುಕೊಂಡು ಖಾತೆ ಸಂಖ್ಯೆ ಬರೆಯುವಾಗ ನಾನು ಐದಾರು ಸಲ ಇಣುಕುತ್ತೇನೆ. ಮಗಳು ನಗುತ್ತಾಳೆ. ಈಗೀಗ ಈ ಪ್ರಯೋಗದ ಕಥೆ ಹೇಳಿ ಪಾರಾಗುತ್ತಿದ್ದೇನೆ. ನಮಸ್ಕಾರ.