ಸನ್ನದಿನ ಶಾಲೆ: ಚಾರ್ಟರ್ ಶಾಲೆ ತೆರೆಯಹೊರಟವರ ಪ್ರಶ್ನೆಗಳು

ಸಭೆಯಲ್ಲಿರುವ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಭಾನುವಾರದ ಕನ್ನಡ ತರಗತಿಗಳನ್ನು ನಡೆಸುವ ತಂದೆತಾಯಂದಿರು ನನ್ನನ್ನು ಕಂಡಾಗ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ. ವಾರಕ್ಕೆ ಎರಡು ಗಂಟೆ ಕಲಿಸಿದ್ದು ಮುಂದಿನ ವಾರದ ಹೊತ್ತಿಗೆ ಮರೆತುಹೋಗಿರುತ್ತದೆ, ಅದಕ್ಕಿಂತ ನಾವೇ ಒಂದು ಚಾರ್ಟರ್ ಶಾಲೆ ತೆರೆದು ದಿನದ ಅರ್ಧ ಪಾಠವನ್ನು ಕನ್ನಡದಲ್ಲಿ ನಡೆಸಬಾರದೇಕೆ? ಕ್ಯಾಲಿಫೋರ್ನಿಯಾದ ಸಣ್ಣದೊಂದು ಚಾರ್ಟರ್ ಶಾಲೆಯ ಆಡಳಿತ ಮಂಡಳಿಯಲ್ಲಿ ಕೆಲವು ವರ್ಷ ಕುಳಿತು ಬಂದವನೆಂಬ ಕಾರಣಕ್ಕೆ ಈ ಪ್ರಶ್ನೆ ನನ್ನ ಪಾಲಿಗೆ ಬರುತ್ತದೆ. ಆ ಪ್ರಶ್ನೆಗೂ ಅದರ ಬೆನ್ನಿಗೇ ಬರುವ ಇತರ ಪ್ರಶ್ನೆಗಳಿಗೂ ಇಂದು ಉತ್ತರ ಹೇಳಲು ಪ್ರಯತ್ನಿಸುತ್ತೇನೆ. ಅಮೆರಿಕದಲ್ಲಿ ರಾಜ್ಯಕ್ಕೊಂದು ಕಾನೂನು ಇರುವುದರಿಂದ ನನ್ನ ಮಾತು ಬಹುಮಟ್ಟಿಗೆ ಕ್ಯಾಲಿಫೋರ್ನಿಯಾಕ್ಕೆ ಸಂಬಂಧಿಸಿದ್ದು ಎಂದು ಮೊದಲೇ ಹೇಳಿಬಿಡುತ್ತೇನೆ.

ಚಾರ್ಟರ್ ಎಂಬುದಕ್ಕೆ ನಮ್ಮಲ್ಲಿ ಹಳೆಯ ಮಾತೇ ಇದೆ, ಸನ್ನದು. ಊರಿನಲ್ಲಿ ವಕೀಲರು ಇಂದಿಗೂ ಸನ್ನದು ಪಡೆದ ಮೇಲೆಯೇ ಕರಿಕೋಟು ತೊಟ್ಟು ಕೋರ್ಟಿಗೆ ಹೋಗುತ್ತಾರೆ, ನಡತೆ ಕೆಟ್ಟರೆ ಆ ಸನ್ನದು ಅಮಾನತಾಗುತ್ತದೆ. ಕೊಟ್ಟವರು ಹಿಂದಕ್ಕೆ ಪಡೆಯಬಹುದಾದ ಅಧಿಕಾರ ಎಂಬ ಅರ್ಥ ಆ ಮಾತಿನ ಒಳಗೇ ಇದೆ. ಚಾರ್ಟರ್ ಶಾಲೆ ಎಂದರೆ ಸರ್ಕಾರದ ಹಣದಲ್ಲಿ, ಸರ್ಕಾರದ ಹಲವು ನಿಯಮಗಳಿಂದ ವಿನಾಯಿತಿ ಪಡೆದು, ಇಂತಿಷ್ಟು ವರ್ಷಗಳಲ್ಲಿ ಮಕ್ಕಳಿಗೆ ಇಂತಿಂಥದನ್ನು ಕಲಿಸಿಕೊಡುತ್ತೇವೆ ಎಂದು ಬರೆದುಕೊಟ್ಟು ನಡೆಸುವ ಸಾರ್ವಜನಿಕ ಶಾಲೆ. ಕ್ಯಾಲಿಫೋರ್ನಿಯಾದಲ್ಲಿ ಸನ್ನದಿನ ಮೊದಲ ಅವಧಿ 5 ವರ್ಷ ಮೀರುವಂತಿಲ್ಲ. ಮುಂದಿನ ನವೀಕರಣ ಮಕ್ಕಳ ಕಲಿಕೆಯ ಅಂಕಿಗಳನ್ನು ಅವಲಂಬಿಸಿರುತ್ತದೆ. ಚೆನ್ನಾಗಿದ್ದರೆ 5ರಿಂದ 7 ವರ್ಷ ಸಿಗಬಹುದು, ಕಳಪೆಯಾಗಿದ್ದರೆ ಒಂದೋ ನಿರಾಕರಣೆ, ಇಲ್ಲವೇ 2 ವರ್ಷದ ಜೀವದಾನ.

ಇದರ ಚರಿತ್ರೆ ಚಿಕ್ಕದು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ರೇ ಬಡ್ ಈ ಕಲ್ಪನೆಗೆ ಹೆಸರು ಕೊಟ್ಟರು. 1988ರಲ್ಲಿ ಅದನ್ನು ದೇಶದ ಮುಂದೆ ಇಟ್ಟವರು ಅಮೆರಿಕನ್ ಫೆಡರೇಷನ್ ಆಫ್ ಟೀಚರ್ಸ್ ಎಂಬ ಶಿಕ್ಷಕರ ಒಕ್ಕೂಟದ ಅಧ್ಯಕ್ಷರಾಗಿದ್ದ ಆಲ್ಬರ್ಟ್ ಶಾಂಕರ್. ಇಂದು ಸನ್ನದಿನ ಅರ್ಜಿ ವಿಚಾರಣೆಗೆ ಬಂದಾಗ ಒಂದೇ ಬಣ್ಣದ ಟೀ ಶರ್ಟ್ ತೊಟ್ಟು ಸಾಲಾಗಿ ಕುಳಿತು ವಿರೋಧಿಸುವವರು ಹೆಚ್ಚಾಗಿ ಶಿಕ್ಷಕರ ಸಂಘದವರೇ ಎಂಬುದನ್ನು ನೆನೆದರೆ ಇದು ಸೋಜಿಗವೆನಿಸುತ್ತದೆ. ಆದರೆ ಶಾಂಕರ್ ಅವರೇ ಕೆಲವು ವರ್ಷಗಳಲ್ಲಿ ತಮ್ಮ ಕೂಸು ಹಿಡಿದ ದಾರಿಯನ್ನು ಕಂಡು ಅದರ ಟೀಕಾಕಾರರಾದರು. ಮೊದಲ ಕಾನೂನು 1991ರಲ್ಲಿ ಮಿನೆಸೋಟದಲ್ಲಿ ಬಂತು, ಮೊದಲ ಶಾಲೆ 1992ರಲ್ಲಿ ಅಲ್ಲಿನ ಸೇಂಟ್ ಪಾಲ್ ನಗರದಲ್ಲಿ ತೆರೆಯಿತು, ಅದೇ ವರ್ಷ ಕ್ಯಾಲಿಫೋರ್ನಿಯಾ ಎರಡನೆಯ ರಾಜ್ಯವಾಗಿ ಕಾನೂನು ಮಾಡಿತು. ಈಗ ದೇಶದಲ್ಲಿ ಸುಮಾರು 8,000 ಚಾರ್ಟರ್ ಶಾಲೆಗಳಿದ್ದು ಸುಮಾರು 37 ಲಕ್ಷ ಮಕ್ಕಳು ಓದುತ್ತಿದ್ದಾರೆ.

ಹಾಗಾದರೆ ಇದು ನಮ್ಮ ಊರಿನ ಅನುದಾನಿತ ಶಾಲೆಯ ಹಾಗೆಯೇ ಎಂದು ಕೇಳುವವರಿದ್ದಾರೆ. ಖಾಸಗಿ ಆಡಳಿತ ಮಂಡಳಿ, ಸರ್ಕಾರದ ಹಣ ಎಂಬಷ್ಟರ ಮಟ್ಟಿಗೆ ಹೋಲಿಕೆ ಸರಿ. ಆದರೆ ಕರ್ನಾಟಕದಲ್ಲಿ ಅನುದಾನ ಬರುವುದು ಮಂಜೂರಾದ ಹುದ್ದೆಯ ಸಂಬಳಕ್ಕೆ, ಇಲ್ಲಿ ಹಣ ಬರುವುದು ಮಗುವಿನ ಲೆಕ್ಕದಲ್ಲಿ. ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ಇಲ್ಲಿ ಶುಲ್ಕ ಕೇಳುವಂತಿಲ್ಲ, ದೇಣಿಗೆಯ ಹೆಸರಿನಲ್ಲಿಯೂ ಕಡ್ಡಾಯ ಮಾಡುವಂತಿಲ್ಲ, ಮಕ್ಕಳನ್ನು ಆರಿಸಿಕೊಳ್ಳುವಂತಿಲ್ಲ. ಸೀಟಿಗಿಂತ ಅರ್ಜಿ ಹೆಚ್ಚಾದರೆ ಎಲ್ಲರೆದುರು ಚೀಟಿ ಎತ್ತಬೇಕು.

ಆ ಚೀಟಿ ಎತ್ತುವ ಸಂಜೆಯನ್ನು ಒಮ್ಮೆ ನೋಡಿದರೆ ಈ ವ್ಯವಸ್ಥೆಯ ಸ್ವಭಾವ ತಿಳಿದುಬಿಡುತ್ತದೆ. ನಮ್ಮ ಶಾಲೆಯಲ್ಲಿ ಅದು ಊಟದ ಹಾಲ್‌ನಲ್ಲಿ ನಡೆಯುತ್ತಿತ್ತು. ಮಡಿಸುವ ಮೇಜಿನ ಮೇಲೆ ಒಂದು ಪಾರದರ್ಶಕ ಡಬ್ಬಿ, ಚೀಟಿ ಎತ್ತಲು ಶಾಲೆಗೆ ಸಂಬಂಧವಿಲ್ಲದ ಒಬ್ಬರು, ಗೋಡೆಯ ಪರದೆಯ ಮೇಲೆ ಒಂದೊಂದಾಗಿ ಏರುವ ಸಂಖ್ಯೆಗಳು. ಶಾಲೆಗಾಗಿ ಎರಡು ವರ್ಷ ಮನೆಮನೆ ಅಲೆದು ಸಹಿ ಸಂಗ್ರಹಿಸಿದ್ದ ತಾಯಿಯೊಬ್ಬರ ಕಿರಿಯ ಮಗನ ಸಂಖ್ಯೆ ಕಾಯುವವರ ಪಟ್ಟಿಯಲ್ಲಿ 31ನೆಯದಾಗಿ ಬಂದಾಗ ಯಾರೂ ಅವರ ಮುಖ ನೋಡಲಿಲ್ಲ. ಸಂಸ್ಥಾಪಕರ ಮಕ್ಕಳಿಗೆ ಅಲ್ಪ ಮಿತಿಯೊಳಗೆ ಆದ್ಯತೆ ಕೊಡಲು ಸನ್ನದಿನಲ್ಲಿಯೇ ಬರೆದುಕೊಳ್ಳುವ ಶಾಲೆಗಳಿವೆ, ನಮ್ಮವರು ಬರೆದುಕೊಂಡಿರಲಿಲ್ಲ.

ಇದರಿಂದ ಕನ್ನಡದ ಪ್ರಶ್ನೆಗೂ ಉತ್ತರ ದೊರೆಯುತ್ತದೆ. ಭಾಷೆಯನ್ನು ಕೇಂದ್ರವಾಗಿಟ್ಟುಕೊಂಡ ಚಾರ್ಟರ್ ಶಾಲೆಗಳು ಇವೆ. ಮಿನಿಯಾಪೊಲಿಸ್‌ನಲ್ಲಿ ಇರುವ, 2006ರಲ್ಲಿ ಆರಂಭವಾದ ಯಿಂಗ್ಹುವಾ ಅಕಾಡೆಮಿಯಲ್ಲಿ ಪಾಠ ಚೀನೀ ಭಾಷೆಯಲ್ಲಿ ನಡೆಯುತ್ತದೆ, ಬ್ರೂಕ್ಲಿನ್‌ನಲ್ಲಿ 2009ರಿಂದ ಹೀಬ್ರೂ ಕಲಿಸುವ ಶಾಲೆಯಿದೆ. ಆದರೆ ಇವು ಆ ಜನಾಂಗದ ಶಾಲೆಗಳಲ್ಲ, ಆ ಭಾಷೆಯ ಶಾಲೆಗಳು. ಮನೆಯಲ್ಲಿ ಕನ್ನಡವಿರುವ ಮಗುವಿಗೆ ಮೊದಲ ಸೀಟು ಎಂದು ನಾವು ಬರೆಯುವಂತಿಲ್ಲ. ಕನ್ನಡ ಎಂಬ ಶಬ್ದವನ್ನೇ ಕೇಳಿರದ ಮನೆಯ ಮಗು ಚೀಟಿಯಲ್ಲಿ ಬಂದರೆ ಅದಕ್ಕೂ ಅಆಇಈ ತಿದ್ದಿಸಬೇಕು. ನೂರೈವತ್ತು ಮಕ್ಕಳಲ್ಲಿ ನೂರು ಮಂದಿ ಅಂಥವರೇ ಆದರೂ ಈ ಕೆಲಸ ಬೇಕೇ ಎಂದು ನಾನು ಕೇಳಿದಾಗ ಹಲವರು ಮೌನವಾಗುತ್ತಾರೆ. ಬೇಕು ಎನ್ನುವವರ ಜೊತೆಗೆ ಮಾತ್ರ ಮುಂದಿನ ಮಾತು ಸಾಧ್ಯ.

ಸರಸ್ವತಿ ಪೂಜೆ ಮಾಡಬಹುದೇ, ಬೆಳಿಗ್ಗೆ ಶ್ಲೋಕ ಹೇಳಿಸಬಹುದೇ ಎಂಬುದು ಮುಂದಿನ ಪ್ರಶ್ನೆ. ಇಲ್ಲ. ಕ್ಯಾಲಿಫೋರ್ನಿಯಾದ ಚಾರ್ಟರ್ ಶಾಲೆ ಯಾವ ಮತಕ್ಕೂ ಸೇರದ್ದಾಗಿರಬೇಕು. ಒಕ್ಲಹೋಮದಲ್ಲಿ ಕ್ಯಾಥೊಲಿಕ್ ಚಾರ್ಟರ್ ಶಾಲೆಯೊಂದಕ್ಕೆ ಕೊಟ್ಟ ಅನುಮತಿಯನ್ನು ಅಲ್ಲಿನ ರಾಜ್ಯ ಸುಪ್ರೀಂ ಕೋರ್ಟ್ ತಳ್ಳಿಹಾಕಿತ್ತು. 2025ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್‌ನಲ್ಲಿ ನ್ಯಾಯಾಧೀಶರು 4-4 ಎಂದು ಸಮವಾಗಿ ಒಡೆದದ್ದರಿಂದ ಆ ತೀರ್ಪೇ ಉಳಿಯಿತು. ವಚನವನ್ನು ಸಾಹಿತ್ಯವಾಗಿ, ಯಕ್ಷಗಾನವನ್ನು ಕಲೆಯಾಗಿ ಕಲಿಸಲು ಅಡ್ಡಿಯಿಲ್ಲ. ಆರತಿ ತಟ್ಟೆ ಶಾಲೆಯೊಳಗೆ ಬರುವಂತಿಲ್ಲ.

ಸನ್ನದು ಪಡೆಯುವ ಕ್ರಮ ಹೀಗಿದೆ. ಪಠ್ಯ, ಮೌಲ್ಯಮಾಪನ, ಆಡಳಿತ, ಬಜೆಟ್, ಶಿಸ್ತುಕ್ರಮ, ಶಾಲೆ ಮುಚ್ಚಿದರೆ ಏನು ಎಂಬುದೆಲ್ಲವನ್ನೂ ವಿವರಿಸುವ, ಸಾಮಾನ್ಯವಾಗಿ ನೂರಾರು ಪುಟಗಳಾಗುವ ಅರ್ಜಿಯನ್ನು ಸ್ಥಳೀಯ ಶಾಲಾ ಜಿಲ್ಲೆಗೆ, ಅಂದರೆ ಆ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆಗೆ, ಸಲ್ಲಿಸಬೇಕು. ಮೊದಲ ವರ್ಷ ಎಷ್ಟು ಮಕ್ಕಳನ್ನು ನಿರೀಕ್ಷಿಸುತ್ತೀರೋ ಅದರ ಅರ್ಧದಷ್ಟು ಮಕ್ಕಳ ಪೋಷಕರ ಸಹಿ ಬೇಕು, ಇಲ್ಲವೇ ನೇಮಿಸಲಿರುವ ಶಿಕ್ಷಕರಲ್ಲಿ ಅರ್ಧದಷ್ಟು ಜನರ ಸಹಿ ಬೇಕು. 60 ದಿನಗಳೊಳಗೆ ಬಹಿರಂಗ ವಿಚಾರಣೆ, 90 ದಿನಗಳೊಳಗೆ ತೀರ್ಮಾನ. ನಿರಾಕರಿಸಿದರೆ ಕೌಂಟಿಯ, ಅಂದರೆ ನಮ್ಮ ಊರಿನ ಜಿಲ್ಲೆಯಂಥ ಆಡಳಿತ ವಿಭಾಗದ, ಶಿಕ್ಷಣ ಮಂಡಳಿಗೆ ಮೇಲ್ಮನವಿ. 2019ರ ಎಬಿ 1505 ಕಾನೂನಿನ ನಂತರ ಈ ಬಾಗಿಲು ಕಿರಿದಾಗಿದೆ. ಈಗಿರುವ ಶಾಲೆಗಳ ಹಣಕಾಸಿಗೆ ಪೆಟ್ಟು ಬೀಳುತ್ತದೆಯೇ, ಇಂಥದೇ ಕಲಿಕೆ ಜಿಲ್ಲೆಯಲ್ಲಿ ಆಗಲೇ ಇದೆಯೇ ಎಂಬುದನ್ನೂ ಜಿಲ್ಲೆಯವರು ಈಗ ಕಾರಣವಾಗಿ ಕೊಡಬಹುದು. ಮಕ್ಕಳ ಸಂಖ್ಯೆ ಇಳಿದು ತಮ್ಮದೇ ಶಾಲೆಗಳನ್ನು ಮುಚ್ಚುವ ಚಿಂತೆಯಲ್ಲಿರುವ ಜಿಲ್ಲೆ ಹೊಸ ಶಾಲೆಗೆ ಒಪ್ಪುವುದು ಕಷ್ಟ, ಅವರ ಕಡೆಯಿಂದ ನೋಡಿದರೆ ಅದು ತಪ್ಪೂ ಅಲ್ಲ.

ಇನ್ನು ಹಣ. ಪಠ್ಯಕ್ರಮದ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವ ನಾವು ಇದರ ಬಗ್ಗೆ ಹತ್ತು ನಿಮಿಷವೂ ಮಾತನಾಡುವುದಿಲ್ಲ, ಶಾಲೆಗಳು ಎಡವುವುದು ಮಾತ್ರ ಇಲ್ಲಿಯೇ. ಕ್ಯಾಲಿಫೋರ್ನಿಯಾದಲ್ಲಿ ಹಣ ಬರುವುದು ದಾಖಲಾತಿಯ ಮೇಲಲ್ಲ, ಸರಾಸರಿ ಹಾಜರಾತಿಯ ಮೇಲೆ. ಮಗುವಿಗೆ ವರ್ಷಕ್ಕೆ 12,000 ಡಾಲರ್ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. 150 ಮಕ್ಕಳಿದ್ದು ಹಾಜರಾತಿ ಶೇ 95 ಇದ್ದರೆ ಹಣ ಬರುವುದು 142.5 ಮಕ್ಕಳಿಗೆ. ಬಾರದೆ ಹೋದ 90,000 ಡಾಲರ್ ಎಂದರೆ ಒಬ್ಬ ಶಿಕ್ಷಕಿಯ ಸಂಬಳ. ಜ್ವರದ ಕಾಲ, ಮಳೆಗಾಲ, ಡಿಸೆಂಬರಿನಲ್ಲಿ ಬೆಂಗಳೂರಿಗೆ ಆರು ವಾರ ಹೋಗಿಬರುವ ಕುಟುಂಬಗಳು, ಎಲ್ಲವೂ ಈ ಲೆಕ್ಕದೊಳಗೆ ಬರುತ್ತವೆ. ಮಕ್ಕಳು ಕಡಿಮೆಯಾದಾಗ ಜಿಲ್ಲೆಯ ಶಾಲೆಗಳಿಗೆ ಹಿಂದಿನ ವರ್ಷಗಳ ಹಾಜರಾತಿಯನ್ನು ಹಿಡಿದು ಹಣ ಕೊಡುವ ರಕ್ಷಣೆಯಿದೆ, ಚಾರ್ಟರ್ ಶಾಲೆಗೆ ಆಯಾ ವರ್ಷದ ಹಾಜರಾತಿಯೇ ಗತಿ. 180 ಮಕ್ಕಳಿಗೆಂದು ಶಿಕ್ಷಕರನ್ನು ನೇಮಿಸಿ ಆಗಸ್ಟ್‌ನಲ್ಲಿ 150 ಮಕ್ಕಳು ಬಂದರೆ ಇದೇ ಲೆಕ್ಕದಲ್ಲಿ 3.42 ಲಕ್ಷ ಡಾಲರ್ ಕೊರತೆ ಬೀಳುತ್ತದೆ. ಮೊದಲ ಕಂತು ಬರುವ ಮುನ್ನವೇ ಬಾಡಿಗೆ, ಬೆಂಚು, ಸಂಬಳ ಕೊಡಬೇಕಾಗುವುದರಿಂದ ಕೈಸಾಲವೂ ಅನಿವಾರ್ಯ.

ಕಟ್ಟಡ ಎಲ್ಲಿ ಸಿಗುತ್ತದೆ? 2000ನೇ ಇಸವಿಯಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಷನ್ 39ರ ಪ್ರಕಾರ, ತನ್ನ ವ್ಯಾಪ್ತಿಯ ಕನಿಷ್ಠ 80 ಮಕ್ಕಳಿರುವ ಚಾರ್ಟರ್ ಶಾಲೆಗೆ ಜಿಲ್ಲೆಯು ತನ್ನ ಶಾಲೆಗಳಿಗೆ ಸರಿಸಮವೆನ್ನಬಹುದಾದ ಜಾಗ ಒದಗಿಸಬೇಕು. ಕಾಗದದ ಮೇಲೆ ಇದು ದೊಡ್ಡ ವರ. ನಿಜದಲ್ಲಿ ಸಿಗುವುದು ಇನ್ನೊಂದು ಶಾಲೆಯ ಆವರಣದ ಹಿಂಬದಿಯ ಕೋಣೆಗಳು, ಅದೂ ಒಂದು ವರ್ಷಕ್ಕೆ. ಆಟದ ಮೈದಾನಕ್ಕೆ ಯಾರು ಯಾವಾಗ ಇಳಿಯಬೇಕೆಂಬ ವೇಳಾಪಟ್ಟಿಗಾಗಿ ಇಬ್ಬರು ಮುಖ್ಯೋಪಾಧ್ಯಾಯರು ತಿಂಗಳುಗಟ್ಟಲೆ ಪತ್ರ ಬರೆದುಕೊಂಡದ್ದನ್ನು ಕಂಡಿದ್ದೇನೆ. ನಾವು ಮೊದಲೆರಡು ವರ್ಷ ಒಂದು ಚರ್ಚಿನ ಕೋಣೆಗಳನ್ನು ಬಾಡಿಗೆಗೆ ಹಿಡಿದಿದ್ದೆವು. ಶುಕ್ರವಾರ ಸಂಜೆ ನಾಲ್ಕಕ್ಕೆ ಪೋಷಕರು ಬಂದು ಮೇಜುಗಳನ್ನು ಒಂದರ ಮೇಲೊಂದು ಪೇರಿಸಿ ಗೋಡೆಗೆ ಒತ್ತುವರು, ಗೋಡೆಯ ಮೇಲಿನ ಮಕ್ಕಳ ಚಿತ್ರಗಳನ್ನು ಟೇಪು ಹರಿಯದ ಹಾಗೆ ಬಿಡಿಸಿ ಪೆಟ್ಟಿಗೆಗೆ ಹಾಕುವರು. ಸೋಮವಾರ ಬೆಳಿಗ್ಗೆ ಏಳಕ್ಕೆ ಅದೇ ಚಿತ್ರಗಳು ಅದೇ ಜಾಗಕ್ಕೆ ಏರಬೇಕು, ಇಲ್ಲದಿದ್ದರೆ ಒಂದನೇ ತರಗತಿಯವರು ಜಗಳ ತೆಗೆಯುತ್ತಿದ್ದರು.

ನನಗೆ ಅತ್ಯಂತ ಕಷ್ಟವೆನಿಸಿದ್ದು ಆಡಳಿತ ಮಂಡಳಿಯ ಕೆಲಸ. ನಮ್ಮ ಕನ್ನಡ ಕೂಟಗಳ ರೂಢಿ ಬೇರೆ. ರಾತ್ರಿ ಹನ್ನೊಂದಕ್ಕೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಾತು ಶುರುವಾಗಿ ಹನ್ನೆರಡರ ಹೊತ್ತಿಗೆ ತೀರ್ಮಾನವೂ ಆಗಿರುತ್ತದೆ. ಚಾರ್ಟರ್ ಶಾಲೆಯ ಮಂಡಳಿಗೆ ಅದು ಕಾನೂನುಬಾಹಿರ. ಸಾರ್ವಜನಿಕ ಮಂಡಳಿಗಳ ಸಭೆ ಬಹಿರಂಗವಾಗಿ ನಡೆಯಬೇಕೆನ್ನುವ ಬ್ರೌನ್ ಆ್ಯಕ್ಟ್ ಎಂಬ ರಾಜ್ಯ ಕಾನೂನಿನ ಪ್ರಕಾರ ಸಭೆಯ ಕಾರ್ಯಸೂಚಿಯನ್ನು 72 ಗಂಟೆ ಮೊದಲೇ ಪ್ರಕಟಿಸಬೇಕು, ಸಭೆ ಬಾಗಿಲು ತೆರೆದೇ ನಡೆಯಬೇಕು, ಬಹುಮತದಷ್ಟು ಸದಸ್ಯರು ಶಾಲೆಯ ವಿಷಯವನ್ನು ಫೋನಿನಲ್ಲಿ ಸರಣಿಯಾಗಿ ಚರ್ಚಿಸಿದರೆ ಅದೇ ಗುಪ್ತಸಭೆ ಎನಿಸಿಕೊಳ್ಳುತ್ತದೆ. ಸದಸ್ಯರೊಬ್ಬರು ಉದಾರ ಮನಸ್ಸಿನಿಂದ ತಮ್ಮ ಸ್ವಂತ ಕಟ್ಟಡವನ್ನು ಕಡಿಮೆ ಬಾಡಿಗೆಗೆ ಕೊಡುತ್ತೇನೆಂದರೂ ಹಿತಾಸಕ್ತಿ ಸಂಘರ್ಷದ ಕಾನೂನು ಅಡ್ಡ ಬರುತ್ತದೆ. 2019ರ ಎಸ್‌ಬಿ 126 ಕಾನೂನು ಇವೆಲ್ಲ ಚಾರ್ಟರ್ ಶಾಲೆಗಳಿಗೂ ಅನ್ವಯಿಸುತ್ತವೆ ಎಂದು ಸ್ಪಷ್ಟಪಡಿಸಿತು. ಶಾಲೆ ಕಟ್ಟಿದವರನ್ನೇ ಮಂಡಳಿ ಮತ ಹಾಕಿ ಕೆಳಗಿಳಿಸಬಹುದು. ಸ್ಥಾಪಕರ ಹೆಸರಿನ ಕಲ್ಲು ಬಾಗಿಲಲ್ಲಿ ಇರಬಹುದು, ಒಡೆತನ ಇರುವುದಿಲ್ಲ.

ಶಿಕ್ಷಕರಿಗೆ ರಾಜ್ಯದ ಪರವಾನಗಿ ಬೇಕು, ಕನ್ನಡ ಚೆನ್ನಾಗಿ ಬಲ್ಲ ಸ್ವಯಂಸೇವಕರು ಸಾಲದು. ವಿಶೇಷ ಅಗತ್ಯಗಳಿರುವ ಮಗು ಚೀಟಿಯಲ್ಲಿ ಬಂದರೆ ಒಕ್ಕೂಟ ಸರ್ಕಾರದ ಕಾನೂನಿನಂತೆ ಅದಕ್ಕೆ ಬೇಕಾದ ಚಿಕಿತ್ಸಕರು, ಸಹಾಯಕರು ಎಲ್ಲರನ್ನೂ ಶಾಲೆ ಒದಗಿಸಲೇಬೇಕು. ನಮ್ಮಲ್ಲಿ ಆಗದು, ಬೇರೆ ಶಾಲೆ ನೋಡಿ ಎಂದು ಮೆತ್ತಗೆ ಹೇಳಿ ಕಳಿಸುವ ಚಾರ್ಟರ್ ಶಾಲೆಗಳ ಮೇಲಿನ ದೂರು ಹಳೆಯದು, ನ್ಯಾಯವಾದದ್ದು.

ಇಷ್ಟೆಲ್ಲ ಪಾಡು ಪಟ್ಟ ಮೇಲೆ ಮಕ್ಕಳು ಹೆಚ್ಚು ಕಲಿಯುತ್ತಾರೆಯೇ? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರೆಡೊ ಕೇಂದ್ರ 2009ರಲ್ಲಿ ನಡೆಸಿದ ಅಧ್ಯಯನದಲ್ಲಿ ಶೇ 17 ಚಾರ್ಟರ್ ಶಾಲೆಗಳು ಮಾತ್ರ ಗಣಿತದಲ್ಲಿ ಸುತ್ತಲಿನ ಶಾಲೆಗಳಿಗಿಂತ ಮೇಲಿದ್ದವು, ಶೇ 37 ಕೆಳಗಿದ್ದವು. ಅದೇ ಕೇಂದ್ರದ 2023ರ ವರದಿಯಲ್ಲಿ ಚಾರ್ಟರ್ ಮಕ್ಕಳು ಸುತ್ತಲಿನ ಶಾಲೆಗಳ ಮಕ್ಕಳಿಗಿಂತ ವರ್ಷಕ್ಕೆ ಓದಿನಲ್ಲಿ 16 ದಿನದ, ಗಣಿತದಲ್ಲಿ 6 ದಿನದ ಪಾಠದಷ್ಟು ಹೆಚ್ಚು ಕಲಿತವರೆಂದು ಬಂತು. ಸರಾಸರಿಯಲ್ಲಿ ಇದು ಸಣ್ಣ ಮುನ್ನಡೆ. ಆನ್‌ಲೈನ್ ಚಾರ್ಟರ್ ಶಾಲೆಗಳ ಫಲಿತಾಂಶ ಮಾತ್ರ ಓದು, ಗಣಿತ ಎರಡರಲ್ಲೂ ಬಹಳ ಕಳಪೆ. ಒಹಾಯೋದ ಅತಿ ದೊಡ್ಡ ಆನ್‌ಲೈನ್ ಶಾಲೆ ಕಲಿಯದ ಮಕ್ಕಳಿಗೂ ಹಣ ಪಡೆದಿದೆಯೆಂದು ರಾಜ್ಯವು ಹಣ ವಾಪಸು ಕೇಳಿದ ಮೇಲೆ 2018ರ ಜನವರಿಯಲ್ಲಿ, ವರ್ಷದ ನಡುವೆ ಮುಚ್ಚಿತು. ಸುಮಾರು 12,000 ಮಕ್ಕಳು ಬೇರೆ ಶಾಲೆ ಹುಡುಕಬೇಕಾಯಿತು.

ಕನ್ನಡಕ್ಕಾಗಿಯೇ ಶಾಲೆ ಬೇಕು ಎನ್ನುವವರಿಗೆ ನಾನು ಮೊದಲು ತೋರಿಸುವ ದಾರಿ ಬೇರೆ. 2016ರಲ್ಲಿ ಮತದಾರರು ಅಂಗೀಕರಿಸಿದ ಪ್ರೊಪೊಸಿಷನ್ 58ರಂತೆ, ಒಂದು ಸರ್ಕಾರಿ ಶಾಲೆಯ 30 ಮಕ್ಕಳ ಪೋಷಕರು, ಅಥವಾ ಒಂದೇ ತರಗತಿಯ 20 ಮಕ್ಕಳ ಪೋಷಕರು ಭಾಷಾ ಕಾರ್ಯಕ್ರಮವೊಂದನ್ನು ಕೇಳಿದರೆ, ಸಾಧ್ಯವಿರುವ ಮಟ್ಟಿಗೆ ಅದನ್ನು ಒದಗಿಸುವುದು ಶಾಲೆಯ ಹೊಣೆ. ಸಾಧ್ಯವೇ ಅಲ್ಲವೇ ಎಂಬುದನ್ನು 60 ದಿನಗಳೊಳಗೆ ತೀರ್ಮಾನಿಸಬೇಕು, ಆಗದಿದ್ದರೆ ಕಾರಣವನ್ನು ಬರೆದುಕೊಡಬೇಕು. ಇದಕ್ಕೆ ಕಟ್ಟಡ ಬೇಡ, ಸಾಲ ಬೇಡ, ಮಂಡಳಿ ಬೇಡ. ನಿಮ್ಮ ಬೀದಿಯ ಶಾಲೆಯಲ್ಲಿ ಒಂದೇ ತರಗತಿಯಲ್ಲಿ ಓದುತ್ತಿರುವ ಇಪ್ಪತ್ತು ಮಕ್ಕಳ ಹೆಸರು ಬರೆದುಕೊಂಡು ಬನ್ನಿ ಎಂದು ಹೋದ ವರ್ಷ ಒಂದು ಗುಂಪಿಗೆ ಹೇಳಿದ್ದೆ. ಮೂರು ತಿಂಗಳ ನಂತರ ಬಂದರು, ಪಟ್ಟಿಯಲ್ಲಿ ಹದಿಮೂರು ಹೆಸರಿದ್ದವು, ಅವುಗಳಲ್ಲಿ ಎರಡು ತೆಲುಗು ಮನೆಯ ಮಕ್ಕಳದು. ಅವರು ಇನ್ನೂ ಏಳು ಹೆಸರು ಹುಡುಕುತ್ತಿದ್ದಾರೆ.