ಲಕ್ವದ ನಂತರ ಕಾಲಷ್ಟೇ ನಡೆದರೆ ಸಾಲದು

ಎಲ್ಲರಿಗೂ ನಮಸ್ಕಾರ.

ಹಾಸನದಲ್ಲಿ ಫಿಸಿಯೋಥೆರಪಿ ಮಾಡುವ ನನ್ನನ್ನು ಮನೆಯವರು ಮೊದಲು ಕೇಳುವುದು ಒಂದೇ: "ಅಪ್ಪ ಯಾವಾಗ ನಡೀತಾರೆ?" ನಾಲ್ಕು ಹೆಜ್ಜೆ ಹಾಕಿಸಿದರೆ ಎಲ್ಲರಿಗೂ ಖುಷಿ. ಆಮೇಲೆ ಇನ್ನೊಂದು ದೂರು ಬರುತ್ತದೆ. "ಕಾಲೇನೋ ಬಂತು, ಆದ್ರೆ ಮನುಷ್ಯ ಮೊದಲಿನ ಹಾಗಿಲ್ಲ. ಚಿಲ್ಲರೆ ಎಣಿಸೋಕೆ ಬರಲ್ಲ. ಸುಮ್ನೆ ಕೂತಿರ್ತಾರೆ. ಸೋಮಾರಿ ಆಗ್ಬಿಟ್ಟಿದ್ದಾರೆ."

ಅದು ಸೋಮಾರಿತನ ಅಲ್ಲ. ಅದೂ ಲಕ್ವದ್ದೇ ಪೆಟ್ಟು.

ಮಿದುಳಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಸ್ಟ್ರೋಕ್, ನಾವು ಲಕ್ವ ಅನ್ನುವುದು ಇದನ್ನೇ. ಎಡ ಮಿದುಳಿಗೆ ಪೆಟ್ಟಾದರೆ ಬಲಗೈ ಬಲಗಾಲು ಸೋಲುತ್ತವೆ, ಹಲವರಿಗೆ ಮಾತೂ ಹೋಗುತ್ತದೆ. ಬಲ ಮಿದುಳಿಗೆ ಆದರೆ ಕೆಲವರಿಗೆ ಎಡಗಡೆ ಇರುವುದು ಗಮನಕ್ಕೇ ಬರುವುದಿಲ್ಲ. ಕಣ್ಣು ಚೆನ್ನಾಗಿರುತ್ತದೆ, ಆದರೂ ತಟ್ಟೆಯ ಎಡಬದಿಯ ಅನ್ನ ಹಾಗೇ ಉಳಿಯುತ್ತದೆ. ಇಂಥವರನ್ನು ಬಿ.ಎಂ. ರಸ್ತೆ ದಾಟಲು ಒಬ್ಬರನ್ನೇ ಬಿಟ್ಟರೆ ಏನಾಗಬಹುದು, ನೀವೇ ಯೋಚಿಸಿ.

ನಡೆಯುವುದು ತಲೆಯ ಕೆಲಸವೂ ಹೌದು. 1997ರಲ್ಲಿ ಸ್ವೀಡನ್ನಿನ ಸಂಶೋಧಕರು ವಯಸ್ಸಾದವರನ್ನು ನಡೆಯುವಾಗ ಮಾತಾಡಿಸಿ ನೋಡಿದರು. ಉತ್ತರ ಕೊಡಲು ನಿಂತೇಬಿಟ್ಟವರು ಮುಂದಿನ ಆರು ತಿಂಗಳಲ್ಲಿ ಉಳಿದವರಿಗಿಂತ ಜಾಸ್ತಿ ಬಿದ್ದರು. 2011ರಲ್ಲಿ ಅಮೆರಿಕದಲ್ಲಿ 120 ಹಿರಿಯರ ಮೇಲೆ ಇನ್ನೊಂದು ಅಧ್ಯಯನ ಪ್ರಕಟವಾಯಿತು. ಒಂದು ವರ್ಷ ಬಿರುಸಾಗಿ ನಡೆದವರಲ್ಲಿ ನೆನಪಿಗೆ ಬೇಕಾದ ಮಿದುಳಿನ ಭಾಗ ಸುಮಾರು ಶೇಕಡಾ 2ರಷ್ಟು ಬೆಳೆದಿತ್ತು. ಅವರು ಸ್ಟ್ರೋಕ್ ಆದವರಲ್ಲ, ಹಾಗಾಗಿ ಅದನ್ನೇ ತೋರಿಸಿ ನಿಮಗೆ ಆಸೆ ಹುಟ್ಟಿಸಲಾರೆ. ಸ್ಟ್ರೋಕ್ ಆದವರಲ್ಲಿ ವ್ಯಾಯಾಮದಿಂದ ಗಮನ ಮತ್ತು ಯೋಚನೆಯ ವೇಗ ಸ್ವಲ್ಪ ಸುಧಾರಿಸುತ್ತದೆ. ನನಗೆ ಆ ಸ್ವಲ್ಪವೇ ಬೇಕಾದಷ್ಟು.

ಹೇಗೆ ಮಾಡಿಸುವುದು? ಮಹಾರಾಜ ಪಾರ್ಕಿನಂಥ ಸಮತಟ್ಟು ಜಾಗ ಆರಿಸಿ. ಕಾಲು ಸ್ಥಿರವಾಗುವ ತನಕ ಮಾತು ಬೇಡ, ಫೋನಂತೂ ಬೇಡವೇ ಬೇಡ. ಕೋಲು ಗಟ್ಟಿ ಇರುವ ಕೈಯಲ್ಲಿರಲಿ. ನೀವು ಸೋತ ಬದಿಗೆ, ಅರ್ಧ ಹೆಜ್ಜೆ ಹಿಂದೆ ಇರಿ. ಹವಾಯಿ ಚಪ್ಪಲಿ ಬಿಡಿಸಿ, ಹಿಂದೆ ಪಟ್ಟಿ ಇರುವುದು ಹಾಕಿಸಿ. ಕಾಲು ಹಿಡಿತಕ್ಕೆ ಬಂದ ಮೇಲೆ ತಲೆಗೂ ಕೆಲಸ ಕೊಡಿ. "ಎಡಗಡೆ ಏನೇನು ಕಂಡಿತು ಹೇಳಿ" ಅನ್ನಿ. 50ರಿಂದ ಮೂರು ಮೂರು ಕಳೆಯುತ್ತಾ ಬರಲಿ. ಹೆಜ್ಜೆ ತಡವರಿಸಿದರೆ ಪ್ರಶ್ನೆ ನಿಲ್ಲಿಸಿ, ನಡಿಗೆ ಮೊದಲು.

ಆಮೇಲೆ ಜನ ಕಡಿಮೆ ಇರುವ ಹೊತ್ತಲ್ಲಿ ಕಟ್ಟಿನಕೆರೆ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿ. ಮೂರು ತರಕಾರಿ ಹೆಸರು ನೆನಪಿಟ್ಟುಕೊಳ್ಳಬೇಕು, ದುಡ್ಡು ಕೊಡಬೇಕು, ಚಿಲ್ಲರೆ ಎಣಿಸಬೇಕು. ಇಲ್ಲೇ ನೋಡಿ ನಾವು ಕೆಡಿಸುವುದು. "ಬಿಡಿ ಮಾವ, ನಾನು ಕೊಡ್ತೀನಿ" ಅಂತ ಸೊಸೆ ಪರ್ಸ್ ತೆಗೆಯುತ್ತಾಳೆ. ಪ್ರೀತಿಯಿಂದಲೇ, ಅಲ್ವಾ? ಆದರೆ ಮಾವನ ಕಸರತ್ತು ಅಲ್ಲಿಗೆ ಮುಗಿಯಿತು. ಹಿಂದೆ ನಿಂತವರು ಗೊಣಗಿದರೆ ಗೊಣಗಲಿ, ಕಾಯಿರಿ.

ವಾರಕ್ಕೆ 3ರಿಂದ 5 ದಿನ, 20ರಿಂದ 60 ನಿಮಿಷ ನಡೆದರೆ ಒಳ್ಳೆಯದು. ಒಂದೇ ಸಲ ಆಗದಿದ್ದರೆ ಹತ್ತು ಹತ್ತು ನಿಮಿಷ. ಶುರು ಮಾಡುವ ಮೊದಲು ವೈದ್ಯರನ್ನು ಕೇಳಿ, ಬಿಪಿ ತೋರಿಸಿ. ಕೆಲವು ಬಿಪಿ ಮಾತ್ರೆಗಳು ನಾಡಿಬಡಿತ ಏರಲು ಬಿಡುವುದಿಲ್ಲ, ಹಾಗಾಗಿ ಕೈಗಡಿಯಾರದ ಲೆಕ್ಕ ನಂಬಬೇಡಿ. ನಿಂತು ಮಾತಾಡಿಸಿ: ಮಾತು ಬರಬೇಕು, ಹಾಡು ಹೇಳುವಷ್ಟು ಉಸಿರು ಇರಬಾರದು. ಅಷ್ಟು ವೇಗ ಸಾಕು. ಎದೆನೋವು, ತಲೆಸುತ್ತು ಬಂದರೆ ಅಲ್ಲೇ ಕೂರಿಸಿ.

ಒಮ್ಮೆ ಸ್ಟ್ರೋಕ್ ಆದವರಿಗೆ ಇನ್ನೊಮ್ಮೆ ಆಗುವ ಸಾಧ್ಯತೆ ಜಾಸ್ತಿ. ಬಾಯಿ ಸೊಟ್ಟಗಾದರೆ, ಕೈ ಜೋತುಬಿದ್ದರೆ, ಮಾತು ತೊದಲಿದರೆ 108ಕ್ಕೆ ಫೋನ್ ಮಾಡಿ. ರಕ್ತದ ಗಂಟು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಪಾರಿವಾಳದ ರಕ್ತ ಹಚ್ಚಿಸಲು ಓಡಿದರೆ ಆ ಹೊತ್ತು ಅಲ್ಲೇ ಕಳೆದುಹೋಗುತ್ತದೆ. ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಅಂತ ಆಸ್ಪತ್ರೆಯಲ್ಲಿ ಕೇಳುತ್ತಾರೆ, ನೆನಪಿಟ್ಟುಕೊಳ್ಳಿ.

ಈಗ ನಿಮ್ಮ ಪ್ರಶ್ನೆ ಕೇಳಿ.